ತಿಪ್ಪೆ ಗೊಬ್ಬರದಲ್ಲಿ ಪ್ಲಾಸ್ಟಿಕ್ ಚೂರು: ಜರಡಿ ಹಿಡಿದರೆ ಸಾಕಾ?

ಟೊಮೆಟೊ_ಮಾಲೂರು:
ಪೇಟೆ ಪಕ್ಕದ ಡೈರಿ ಫಾರಂನಿಂದ ಎರಡು ಲೋಡ್ ಗೊಬ್ಬರ ಹೊಡೆಸಿದೀನಿ. ಹರಡೋಕೆ ಹೋದ್ರೆ ಫೀಡ್ ಚೀಲದ ಬಿಳಿ ಎಳೆ, ಹಾಲಿನ ಪ್ಯಾಕೆಟ್ ಮೂಲೆ, ನೀಲಿ ಹಗ್ಗದ ತುಂಡು. ಕೈಗೆ ಸಿಕ್ಕಿದ್ದು ಆರಿಸಿದೆ. ಸಣ್ಣದಕ್ಕೆ ಏನು ಮಾಡೋದು? ಹಸು ತಿಂದದ್ದೇ ಸಗಣಿಯಲ್ಲಿ ಬರ್ತಿದೆಯಾ?

ಹಳೇ_ತಿಪ್ಪೆ:
ನಮ್ಮಪ್ಪನ ಕಾಲದಲ್ಲಿ ತಿಪ್ಪೆಯಲ್ಲಿ ಬಳೆ ಚೂರು ಸಿಗ್ತಿತ್ತು, ಈಗ ಶಾಂಪೂ ಪ್ಯಾಕೆಟ್. ಉತ್ತುಬಿಡಿ, ಏನಾಗಲ್ಲ.

ಪಶುವೈದ್ಯೆ_ತಿಪಟೂರು:
ಯಜಮಾನ್ರೇ, ಏನಾಗಲ್ಲ ಅನ್ನೋದನ್ನ ಒಪ್ಪಲ್ಲ. ಆದ್ರೆ ಹಸುವಿನ ಮೇಲೂ ಪೂರ್ತಿ ತಪ್ಪು ಹೊರಿಸಬೇಡಿ. ಎಡ ಪಕ್ಕೆ ಕೊಯ್ದು, ಹೊಟ್ಟೆಯೊಳಗೆ ತೋಳುದ್ದ ಕೈ ಹಾಕಿ ಪ್ಲಾಸ್ಟಿಕ್ ಎಳೆದವಳು ನಾನು. ಕವರ್, ದಾರ, ಹಗ್ಗ ಎಲ್ಲಾ ಹೆಣೆದುಕೊಂಡು ಒದ್ದೆ ಚಾಪೆ ಸುತ್ತಿಟ್ಟ ಹಾಗೆ ಹಸುವಿನ ನಾಲ್ಕು ಭಾಗದ ಹೊಟ್ಟೆಯ ಮೊದಲ ಭಾಗದಲ್ಲೇ ಕೂತಿರುತ್ತೆ. ಮುಂದಕ್ಕೆ ದಾಟೋದು ಬಹುಪಾಲು ಕೆಲವೇ ಮಿಲಿಮೀಟರಿನ ಚೂರು. ನಿಮಗೆ ಸಿಕ್ಕ ಪ್ಯಾಕೆಟ್ ಮೂಲೆ ಕೊಟ್ಟಿಗೆ ಗುಡಿಸಿ ತಿಪ್ಪೆಗೆ ಸುರಿದ ಕಸ ಇರಬೇಕು. ಸಗಣಿಯಲ್ಲಿ ಬರೋದು ಕಣ್ಣಿಗೆ ಬೀಳೋದೇ ಕಷ್ಟ, ಜರಡಿಗೂ ಸಿಗಲ್ಲ.

ಫೀಡ್ ಚೀಲ ಪಾಲಿಪ್ರೊಪಿಲೀನ್ ನೇಯ್ಗೆ. ಅದನ್ನೇ ಬಿಸಿಲಿಗೆ ಮರೆ ಕಟ್ಟಿರ್ತಾರೆ, ಕರುವಿಗೆ ಹಾಸಿರ್ತಾರೆ. ಬಿಸಿಲಲ್ಲಿ ಒಣಗಿದ ಮೇಲೆ ಮುಟ್ಟಿದ್ರೆ ಪುಡಿ. ಕರು ನೆಕ್ಕೋದೂ ಅದನ್ನೇ.

ಮಣ್ಣು_ಮೇಷ್ಟ್ರು:
ಮನೆಯಲ್ಲೇ ನೋಡಬಹುದು. ಒಣಗೊಬ್ಬರ ಒಂದು ಹಿಡಿ, ಇನ್ನು ಕರಗಲ್ಲ ಅನ್ನುವಷ್ಟು ಉಪ್ಪು ಹಾಕಿದ ನೀರಿಗೆ ಕಲಸಿ ರಾತ್ರಿ ಬಿಡಿ. ಪಾಲಿಥೀನ್, ಚೀಲದ ಎಳೆ ತೇಲುತ್ತೆ. ಹುಲ್ಲೂ ತೇಲುತ್ತೆ, ಅದಕ್ಕೇ ಕಾದ ಸೂಜಿ ಮುಟ್ಟಿಸಿ: ಪ್ಲಾಸ್ಟಿಕ್ ಮುದುಡಿ ಕರಗುತ್ತೆ, ಹುಲ್ಲು ಕಪ್ಪಾಗುತ್ತೆ. ನೀರಿನ ಬಾಟಲಿ, ಪಿವಿಸಿ ಚೂರು ಮುಳುಗೋದ್ರಿಂದ ಪೂರ್ತಿ ಲೆಕ್ಕ ಸಿಗಲ್ಲ.

ಪ್ರಯೋಗಾಲಯದಲ್ಲಿ ಮಣ್ಣಿನಲ್ಲಿ ಪ್ಲಾಸ್ಟಿಕ್ ಚೂರಿನ ಪ್ರಮಾಣ ಜಾಸ್ತಿ ಆದಾಗ ಎರೆಹುಳದ ಬೆಳವಣಿಗೆ ಕುಂಠಿತ ಆಗಿದ್ದುಂಟು. ಹುಳ ಆ ಚೂರನ್ನ ತನ್ನ ಬಿಲದ ಮೂಲಕ ಕೆಳಗೂ ಒಯ್ಯುತ್ತೆ. ಅದಿರಲಿ, ಟೊಮೆಟೊ ಅಂತೀರಿ, ಸಾಲಿನ ಮಣ್ಣಿಗೆ ಹೊದಿಸೋ ಪ್ಲಾಸ್ಟಿಕ್, ಅದೇ ಮಲ್ಚಿಂಗ್ ಶೀಟ್, ಎಷ್ಟು ಮೈಕ್ರಾನ್ ದಪ್ಪದ್ದು? ತೆಳು ಶೀಟ್ ಕಿತ್ತಾಗ ಅಂಚು ಮಣ್ಣಲ್ಲೇ ಹರಿದು ಉಳಿಯುತ್ತೆ, ಅದರ ಮೇಲೆ ಮಣ್ಣು ಪುಡಿ ಮಾಡೋ ರೋಟವೇಟರ್ ಓಡಿಸ್ತೀರಿ. ಈ ಎರಡು ಲೋಡಿಗಿಂತ ಅದೇ ಜಾಸ್ತಿ ಇದ್ದರೂ ಇರಬಹುದು.

ಟೊಮೆಟೊ_ಮಾಲೂರು:
25ರದ್ದು ಸರ್. ಈ ಸಲ ಅಂಚು ಸನಿಕೆಯಲ್ಲಿ ಬಿಡಿಸಿಯೇ ಎಳೆಸ್ತೀನಿ, ಕೂಲಿ ಜಾಸ್ತಿ ಆದ್ರೂ ಸರಿ. ಡೈರಿಯವನಿಗೂ ಹೇಳಿದೆ, ಕಸ ಬೇರೆ ಸಗಣಿ ಬೇರೆ ಇಟ್ಟರೆ ಲೋಡಿಗೆ 200 ರೂಪಾಯಿ ಮೇಲೆ ಕೊಡ್ತೀನಿ ಅಂತ. 300 ಕೇಳ್ತಿದಾನೆ.