ರೈಡಿಂಗ್ ಬೂಟು ಎಂಟೇ ತಿಂಗ್ಳಿಗೆ ಹೋದ್ವು, ಯಾವ್ದು ತಗೋಬೇಕ್ರಿ?

ಪ್ರಶ್ನೆ (ಕೊಪ್ಪಳ): ತೋಟದಾಗ ಒಂದು ಕುದುರಿ ಐತ್ರಿ, ದಿನಾ ಬೆಳಿಗ್ಗಿ ಒಂದು ತಾಸು ಹತ್ತತೀನಿ. ಆನ್‌ಲೈನ್‌ನಾಗ ತರಿಸಿದ ಉದ್ದನ್ನ ಬೂಟು ಎಂಟು ತಿಂಗ್ಳಿಗೇ ಒಳಮಗ್ಗಲು ಹಪ್ಪಳದಂಗ ಸಿಪ್ಪಿ ಎದ್ದಾವ, ಜಿಪ್ಪು ಅರ್ಧಕ್ಕ ನಿಂತುಬಿಡ್ತೈತಿ. ಬಳಸಿದ್ದು ವಾಪಸ್ ತಗೊಳ್ಳಲ್ಲ ಅಂದ್ರು. ತಾಳೋದು ಯಾವ್ದ್ರಿ?

ಉತ್ತರ (ಬಳ್ಳಾರಿ): ಅದು ಚರ್ಮ ಅಲ್ಲಣ್ಣ, ಬಟ್ಟಿ ಮ್ಯಾಲೆ ಪಿಯು ಅನ್ನೋ ಪ್ಲಾಸ್ಟಿಕ್ ಲೇಪ, ಜೀನಿಗೆ ತಿಕ್ಕಿ ತಿಕ್ಕಿ ನಮ್ಮ ಸೆಕಿಗೆ ಬೆವರಿಗೆ ಏಳೋದೇ. ನಾನು ಗಿಡ್ಡ ಲೆದರ್ ಬೂಟು ಹಾಕಿ ಮ್ಯಾಲೆ ಹಾಫ್ ಚಾಪ್ಸ್ (ಪಾದದ ಗಂಟಿನಿಂದ ಮೊಣಕಾಲಿನ ತನಕ ಸುತ್ತೋ ಕವಚ) ಕಟ್ಟತೀನಿ, ಸವೆದ್ರ ಚಾಪ್ಸ್ ಅಷ್ಟೇ ಬದಲಿ. ಸೋಲ್ ಹೊಲಿದಿದ್ದೇ ನೋಡಿ ತಗೊಳ್ರಿ, ಅಂಟಿಸಿದ್ದು ಬ್ಯಾಸಗಿಗೆ ಬಾಯಿ ಬಿಡ್ತೈತಿ, ಹೊಲಿದಿದ್ರ ಊರಾಗಿನ ಮೋಚಿನೇ ಮತ್ತ ಹೊಲಿದು ಕೊಡ್ತಾನ. ಕಾನ್ಪುರದಾಗ ಜೀನು, ಬೂಟು ಮಾಡೋದು ಹಳೇ ಕಸುಬು, ಅಲ್ಲಿ ಮಾಲು ವಿಚಾರಿಸ್ರಿ. ಹಿಮ್ಮಡಿ ಮಾತ್ರ ಒಂದಿಂಚರ ಇರ್ಲಿ, ಚಪ್ಪಟೆ ಇದ್ರ ಪಾದ ರಿಕಾಪಿನೊಳಗ (ಜೀನಿಗೆ ಜೋತಿರೋ, ಕಾಲಿಡೋ ಬಳಿ) ಜಾರಿ ಸಿಕ್ಕಂಡು ಬಿದ್ದಾಗ ಕುದುರಿ ಎಳಕೊಂಡು ಹೋಗ್ತೈತಿ.

ಉತ್ತರ (ರಾಯಚೂರು): ಜಿಪ್ಪಿಗೆ ಧೂಳೇ ವೈರಿ. ಹಳೇ ಹಲ್ಲುಜ್ಜೋ ಬ್ರಷ್‌ಲೆ ಕೊಡವಿ ಮೇಣದಬತ್ತಿ ತಿಕ್ಕ್ರಿ. ಒದ್ದಿ ಬೂಟು ಬಿಸಲಿಗೆ ಇಡಬ್ಯಾಡ್ರಿ, ಚರ್ಮ ಸೆಟದು ಬಿರುಕು ಬಿಡ್ತೈತಿ, ಪೇಪರ್ ತುಂಬಿ ನೆರಳಾಗ ಒಣಗಿಸ್ರಿ.

ಕೊಪ್ಪಳ: ಭಾಳ ಉಪಕಾರ ಆತ್ರಿ. ಪ್ಯಾಂಟ್?

ಬಳ್ಳಾರಿ: ಜೀನ್ಸ್ ಬ್ಯಾಡ, ಅದರ ಹೊಲಿಗಿ ತಿಕ್ಕಿ ಒಳತೊಡಿ ಸುಲಿತೈತಿ. ಮೊಣಕಾಲಿಗೆ ಪಟ್ಟಿ ಇರೋ ಬ್ರೀಚಸ್ (ಕುದುರಿ ಸವಾರಿಯ ಬಿಗಿ ಪ್ಯಾಂಟು) ತಗೊಳ್ರಿ.