ಸ್ಟೇರ್, ಗ್ಲಾನ್ಸ್, ಗ್ಲೇರ್, ಗೇಜ್: ಎಲ್ಲಕ್ಕೂ ‘ನೋಡು’ ಅಂದರೆ ಸಾಕಾ?

ಪ್ರಶ್ನೆ (ಹೊಸ ಅನುವಾದಕ):
ಒಂದು ಇಂಗ್ಲಿಷ್ ಕಥೆ ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಪುಟದಲ್ಲಿ ಲುಕ್, ವಾಚ್, ಸ್ಟೇರ್, ಗ್ಲಾನ್ಸ್, ಗ್ಲೇರ್ ಎಲ್ಲಾ ಇವೆ. ನಿಘಂಟು ತೆಗೆದರೆ ಸುತ್ತಿ ಬಳಸಿ ‘ನೋಡು’ ಅಂತಲೇ ಬರುತ್ತದೆ. ಇವೆಲ್ಲ ಎಲ್ಲಿಂದ ಹುಟ್ಟಿದವು ಅಂತ ಗೊತ್ತಾದರೆ ನೆನಪಿಡೋಕೆ ಸುಲಭ ಅಲ್ವಾ? ಬಲ್ಲವರು ಹೇಳಿ.

ಪದಪ್ರೇಮಿ:
ಮೊದಲು ಸೀ ಮತ್ತು ಲುಕ್ ಬಿಡಿಸಿಕೊಳ್ಳಿ, ಅದು ಸುಲಭ. ಸೀ ಅಂದರೆ ಕಾಣುವುದು, ಲುಕ್ ಅಂದರೆ ನೋಡುವುದು. ‘ನೋಡಿದೆ, ಆದರೆ ಏನೂ ಕಾಣಲಿಲ್ಲ’ ಅಂತೀವಲ್ಲ, ಅಷ್ಟೇ. ವಾಚ್ ಮಾತ್ರ ಬೇರೆ ಜಾತಿ. ಅದೂ ವೇಕ್ ಅನ್ನೋ ಪದವೂ ಒಂದೇ ಬೇರಿನವು, ಹಳೆಯ ಅರ್ಥ ನಿದ್ದೆ ಮಾಡದೆ ಎಚ್ಚರವಾಗಿರುವುದು. ರಾತ್ರಿ ಎದ್ದಿದ್ದು ಕಾಯುವವನೇ ವಾಚ್‌ಮನ್. ಹಾಗಾಗಿ ಏನೋ ನಡೆಯುತ್ತಿದೆ, ಮುಂದೇನಾಗುತ್ತೋ ಅಂತ ಗಮನ ಇಟ್ಟು ನೋಡುವಾಗ ವಾಚ್ ಬರುತ್ತದೆ. ಸುಮ್ನೆ ಗೋಡೆಯನ್ನು ಯಾರೂ ವಾಚ್ ಮಾಡಲ್ಲ.

ಹಳೇ ಓದುಗ:
ಮಜಾ ಇರೋದು ಉಳಿದವುಗಳಲ್ಲಿ, ಅವುಗಳ ಹುಟ್ಟಿಗೂ ಕಣ್ಣಿಗೂ ಸಂಬಂಧವೇ ಇಲ್ಲ. ಸ್ಟೇರ್‌ನ ಬೇರಿಗೆ ‘ಸೆಟೆದುಕೊಂಡ, ಬಿಗಿಯಾದ’ ಅನ್ನೋ ಅರ್ಥ. ಬಟ್ಟೆಗೆ ಹಾಕುವ ಸ್ಟಾರ್ಚ್ ಕೂಡ ಅದೇ ಬೇರಿನದು. ನೋಟ ಕದಲದೆ ಸೆಟೆದು ನಿಂತರೆ ಅದು ಸ್ಟೇರ್, ಎವೆಯಿಕ್ಕದೆ ನೋಡುವುದು. ಗ್ಲೇರ್‌ಗೆ ಮೊದಲಿದ್ದ ಅರ್ಥ ಕಣ್ಣು ಕುಕ್ಕುವಂತೆ ಹೊಳೆಯುವುದು, ಸಿಟ್ಟಿನಿಂದ ಗುರಾಯಿಸುವ ಅರ್ಥ ಆಮೇಲೆ ಬಂದದ್ದು. ಈಗಲೂ ಪರದೆಯ ಮೇಲೆ ಬೆಳಕು ಬಿದ್ದು ಏನೂ ಕಾಣದಿದ್ದರೆ ಗ್ಲೇರ್ ಅಂತೀವಿ.

ಗ್ಲಾನ್ಸ್ ಇನ್ನೂ ಚೆನ್ನಾಗಿದೆ. ಹಳೆಯ ಫ್ರೆಂಚ್‌ನ ಜಾರುವ ಅರ್ಥದ ಪದದಿಂದ ಬಂತು ಅಂತ ಸಾಮಾನ್ಯವಾಗಿ ಹೇಳುತ್ತಾರೆ, ಅದರ ಹಿಂದೆ ಮಂಜುಗಡ್ಡೆ ಇದೆ. ಕತ್ತಿಯ ಏಟು ನೇರ ಬೀಳದೆ ಓರೆಯಾಗಿ ಜಾರಿಹೋಗುವುದು ಅದರ ಮೊದಲ ಅರ್ಥ. ಕ್ರಿಕೆಟ್ ನೋಡುವವರಿಗೆ ಲೆಗ್ ಗ್ಲಾನ್ಸ್ ಗೊತ್ತಿರುತ್ತದೆ, ಚೆಂಡು ಬ್ಯಾಟಿಗೆ ತಾಗಿ ಹಾಗೇ ಜಾರುತ್ತದೆ. ನೋಟವೂ ಹಾಗೆ ತಾಗಿ ಜಾರಿದರೆ ಗ್ಲಾನ್ಸ್.

ಅನುಮಾನಿ:
ಎಲ್ಲಾ ಸರಿ, ಆದರೆ ಹುಟ್ಟು ನೋಡಿ ಅನುವಾದ ಮಾಡೋಕೆ ಹೊರಟರೆ ಕೈ ಸುಡುತ್ತದೆ ಮಾರಾಯ್ರೇ. ಸ್ಕ್ಯಾನ್ ತಗೊಳ್ಳಿ. ಲ್ಯಾಟಿನ್‌ನಲ್ಲಿ ಅದರ ಮೂಲ ಅರ್ಥ ಹತ್ತುವುದು. ಇಂಗ್ಲಿಷಿಗೆ ಬಂದಾಗ ಪದ್ಯಕ್ಕೆ ಪ್ರಸ್ತಾರ ಹಾಕುವುದು, ನಮ್ಮಲ್ಲಿ ಲಘು ಗುರು ಗುರುತಿಸುತ್ತೀವಲ್ಲ ಹಾಗೆ. ಅಲ್ಲಿಂದ ಕೂಲಂಕಷವಾಗಿ ಪರೀಕ್ಷಿಸುವುದು ಅಂತಾಯಿತು, 20ನೇ ಶತಮಾನದಲ್ಲಿ ಬೇಗ ಬೇಗ ಕಣ್ಣಾಡಿಸುವುದು ಅಂತಲೂ ಆಯಿತು. ಪೂರ್ತಿ ಉಲ್ಟಾ! ಎರಡೂ ಅರ್ಥ ಇವತ್ತಿಗೂ ಓಡುತ್ತಿವೆ, ವಾಕ್ಯ ನೋಡಿಯೇ ತೀರ್ಮಾನಿಸಬೇಕು.

ಹೊಸ ಅನುವಾದಕ:
ಧನ್ಯವಾದ, ಗ್ಲಾನ್ಸ್ ಇನ್ನು ಮರೆಯಲ್ಲ. ಸ್ಟೇರ್ ಮತ್ತು ಗೇಜ್ ಎರಡೂ ದಿಟ್ಟಿಸುವುದೇ ತಾನೇ?

ಹಳೇ ಓದುಗ:
ಎರಡರಲ್ಲೂ ನೋಟ ನಿಲ್ಲುತ್ತದೆ, ಭಾವ ಬೇರೆ. ನಕ್ಷತ್ರಗಳನ್ನು, ಪ್ರೀತಿಸಿದವರನ್ನು ನೋಡುತ್ತಾ ಮೈಮರೆತರೆ ಗೇಜ್. ಅಪರಿಚಿತರನ್ನು ಹಾಗೆ ನೋಡಿದರೆ ಸ್ಟೇರ್, ಅದು ಒರಟುತನ. ‘ದಿಟ್ಟಿಸು’ ಅನ್ನೋದನ್ನು ಸ್ಟೇರ್‌ಗೆ ಇಟ್ಟುಕೊಂಡು ಗೇಜ್‌ಗೆ ‘ನೋಡುತ್ತಾ ನಿಂತ’ ಅಂತ ಬರೆದು ನೋಡಿ. ಆ ವಾಕ್ಯ ಇಲ್ಲಿ ಹಾಕಿದರೆ ಇನ್ನೂ ಸರಿಯಾಗಿ ಹೇಳಬಹುದು.