ಹಿತ್ತಿಲಿನ ಪಟ್ಟೆ ಜೇಡ: ಇರಲಿ ಬಿಡಲೇ, ತೆಗೆಯಲೇ? ಅನುಭವ ಇರುವವರು ತಿಳಿಸಿ

ಪ್ರಶ್ನೆ (ಮೈಸೂರಿನಿಂದ)

ನಮ್ಮ ಹಿತ್ತಿಲಿನಲ್ಲಿ ದಾಸವಾಳಕ್ಕೂ ಕರಿಬೇವಿಗೂ ನಡುವೆ ಒಂದು ಜೇಡ ಬಲೆ ಕಟ್ಟಿದೆ. ಹೊಟ್ಟೆಯ ಮೇಲೆ ಹಳದಿ, ಕಂದು ಅಡ್ಡಪಟ್ಟೆಗಳಿವೆ. ಬಲೆಯ ನಡುವೆ ದಪ್ಪನೆಯ ಬಿಳಿ ಅಂಕುಡೊಂಕು ಗೆರೆ ಇದೆ. ಮಗಳು ಶಾಲೆಯಿಂದ ಬಂದವಳೇ ಅದರ ಮುಂದೆ ಕೂರುತ್ತಾಳೆ. ಜೇಡ ಹರಿದರೆ ಮೈಮೇಲೆ ಗುಳ್ಳೆ ಏಳುತ್ತದೆ, ಕಿತ್ತು ಹಾಕು ಎನ್ನುತ್ತಾರೆ ಅತ್ತೆಯವರು. ಇದು ಯಾವ ಜೇಡ, ಹೇಗೆ ಬೇಟೆಯಾಡುತ್ತದೆ, ಮನೆಯ ಹತ್ತಿರ ಇರಬಹುದೇ?

ತುಮಕೂರಿನಿಂದ

ದಯವಿಟ್ಟು ಕೀಳಬೇಡಿ. ನೀವು ಹೇಳಿದ ಗುರುತುಗಳನ್ನು ನೋಡಿದರೆ ಅದು ಸಿಗ್ನೇಚರ್ ಸ್ಪೈಡರ್ ಎಂದು ಹೆಸರಾದ ಆರ್ಜಿಯೋಪೆ ಜಾತಿಯ ಜೇಡ. ನಮ್ಮ ಕಡೆ ಹೆಚ್ಚಾಗಿ ಕಾಣುವುದು ಆರ್ಜಿಯೋಪೆ ಅನಸೂಜಾ. ಮಳೆಗಾಲ ಶುರುವಾದ ಮೇಲೆ ದೀಪಾವಳಿಯ ಆಸುಪಾಸಿನವರೆಗೆ ಬೇಲಿ, ಹೂಗಿಡ, ಕಾಂಪೌಂಡ್ ಮೂಲೆಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಜೀವಶಾಸ್ತ್ರ ಪಾಠ ಮಾಡುತ್ತಿದ್ದ ವರ್ಷಗಳಲ್ಲಿ ಮಕ್ಕಳನ್ನು ಶಾಲೆಯ ಬೇಲಿಯ ಹತ್ತಿರ ಕರೆದುಕೊಂಡು ಹೋಗಿ ತೋರಿಸುತ್ತಿದ್ದುದು ಇದನ್ನೇ.

ಗುರುತು ಸುಲಭ. ತಲೆ ಕೆಳಗೆ ಮಾಡಿ ಬಲೆಯ ನಟ್ಟನಡುವೆ ಕುಳಿತಿರುತ್ತದೆ. ಎಂಟು ಕಾಲುಗಳನ್ನು ಎರಡೆರಡಾಗಿ ಜೋಡಿಸಿ ಚಾಚುವುದರಿಂದ ನಾಲ್ಕೇ ಕಾಲುಗಳಿರುವಂತೆ, ಗುಣಾಕಾರದ ಚಿಹ್ನೆಯಂತೆ ಕಾಣುತ್ತದೆ. ತಲೆಯ ಭಾಗದ ಮೇಲೆ ಬೆಳ್ಳಿಯ ಬಣ್ಣದ ನವಿರು ಕೂದಲು. ಹೆಣ್ಣಿನ ದೇಹ ಸುಮಾರು 8ರಿಂದ 12 ಮಿಲಿಮೀಟರ್ ಇರುತ್ತದೆ, ಕಾಲುಗಳಿಂದಾಗಿ ದೊಡ್ಡದೆನಿಸುತ್ತದೆ. ಬಲೆಯ ಅಂಚಿನಲ್ಲಿ ಇನ್ನೊಂದು ಪುಟ್ಟ, ಮಂಕು ಕಂದು ಬಣ್ಣದ ಜೇಡ ಕಂಡರೆ ಅದು ಮರಿಯೇ ಆಗಬೇಕಿಲ್ಲ, ಗಂಡು ಇರಬಹುದು. ಗಂಡು ಅಷ್ಟೇ ಚಿಕ್ಕದು.

ಇನ್ನು ಬೇಟೆ. ಮಗಳ ಜೊತೆ ನೀವೂ ಕುಳಿತು ನೋಡಲೇಬೇಕಾದ ಸಂಗತಿ ಇದು. ಕಣ್ಣು ಎಂಟಿದ್ದರೂ ಇದಕ್ಕೆ ದೃಷ್ಟಿ ಮಂದ. ಕೆಲಸವೆಲ್ಲ ಕಾಲಿನ ತುದಿಗೆ ತಲುಪುವ ಕಂಪನದಿಂದ ನಡೆಯುತ್ತದೆ. ನಡುವಿನಿಂದ ಹೊರಕ್ಕೆ ಹೋಗುವ ನೂಲುಗಳಲ್ಲಿ ಅಂಟಿಲ್ಲ, ಅವುಗಳ ಸುತ್ತ ಸುತ್ತಿಕೊಂಡು ಬರುವ ನೂಲಿನಲ್ಲಿ ಅಂಟಿದೆ. ಮಿಡತೆಯೊಂದು ಬಂದು ಬಿದ್ದರೆ ಜೇಡ ಆ ದಿಕ್ಕಿಗೆ ತಿರುಗುತ್ತದೆ. ಮಿಡತೆ ಒದ್ದಾಡದೆ ಸುಮ್ಮನಾದರೆ ಮುಂಗಾಲಿನಿಂದ ನೂಲುಗಳನ್ನು ಮೀಟಿ ಎಲ್ಲಿದೆ ಎಂದು ತಿಳಿದುಕೊಳ್ಳುತ್ತದೆ. ಆಮೇಲೆ ಓಡುತ್ತದೆ. ಕೆಳಕ್ಕೆ ಓಡುವುದು ಮೇಲಕ್ಕೆ ಹತ್ತುವುದಕ್ಕಿಂತ ಬೇಗ, ಅದಕ್ಕೇ ತಲೆ ಕೆಳಗಿಟ್ಟು ಕೂರುವ ಈ ಬಗೆಯ ಜೇಡಗಳ ಬಲೆಯ ಕೆಳಭಾಗ ಸಾಮಾನ್ಯವಾಗಿ ಮೇಲ್ಭಾಗಕ್ಕಿಂತ ಅಗಲವಾಗಿರುತ್ತದೆ.

ಹತ್ತಿರ ಹೋದ ಕೂಡಲೇ ಕಚ್ಚುತ್ತದೆ ಎಂದುಕೊಳ್ಳಬೇಡಿ. ಬೆನ್ನು ತಿರುಗಿಸಿ, ಹಿಂಗಾಲುಗಳಿಂದ ಹಾಳೆಯಷ್ಟು ಅಗಲಕ್ಕೆ ರೇಷ್ಮೆಯನ್ನು ಎಳೆದೆಳೆದು ಮಿಡತೆಯ ಮೇಲೆ ಎಸೆಯುತ್ತದೆ, ಅದನ್ನು ಹೊರಳಿಸುತ್ತ ಸುತ್ತುತ್ತದೆ. ಕಾಲು ಕೊಸರಲಾಗದಂತೆ ಬಿಗಿದ ಮೇಲೆಯೇ ಕಚ್ಚುವುದು. ಒದೆಯುವ ಮಿಡತೆ, ಕುಟುಕುವ ಜೇನುನೊಣ ಇವುಗಳಿಂದ ತನಗೆ ಪೆಟ್ಟಾಗದಿರಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ತೀರಾ ಚಿಕ್ಕ ನೊಣವಾದರೆ ಸುತ್ತುವ ಗೋಜಿಗೇ ಹೋಗದೆ ಬಾಯಿಯಲ್ಲಿ ಕಚ್ಚಿಕೊಂಡು ನಡುವಿಗೆ ಮರಳುತ್ತದೆ. ತಿನ್ನುವುದೂ ನಮ್ಮಂತೆ ಅಗಿದು ನುಂಗುವುದಲ್ಲ. ಜೀರ್ಣರಸವನ್ನು ಬೇಟೆಯ ಮೇಲೆ ಕಕ್ಕಿ, ಕರಗಿದ್ದನ್ನು ಹೀರುತ್ತದೆ.

ಬಿಳಿ ಅಂಕುಡೊಂಕು ಗೆರೆ ಏಕೆ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ವಾದ ಮುಗಿದಿಲ್ಲ. ಹಕ್ಕಿಗಳು ಬಲೆಯನ್ನು ಕಂಡು ದೂರ ಸರಿಯಲಿ ಎಂದು ಎನ್ನುವವರಿದ್ದಾರೆ. 1983ರಲ್ಲಿ ಥಾಮಸ್ ಐಸ್ನರ್ ಮತ್ತು ಸ್ಟೀಫನ್ ನೊವಿಕಿ ಕೃತಕ ಗೆರೆಗಳನ್ನು ಇಟ್ಟು ಪರೀಕ್ಷಿಸಿದಾಗ ಅಂತಹ ಬಲೆಗಳು ಹೆಚ್ಚು ಉಳಿದವು. 1990ರಲ್ಲಿ ಕ್ಯಾಥರೀನ್ ಕ್ರೇಗ್ ಮತ್ತು ಗ್ಯಾರಿ ಬರ್ನಾರ್ಡ್ ಬೇರೆ ವಿವರಣೆ ಕೊಟ್ಟರು: ಆ ರೇಷ್ಮೆ ನೇರಳಾತೀತ ಬೆಳಕನ್ನು ಪ್ರತಿಫಲಿಸಿ ಕೀಟಗಳನ್ನು ಸೆಳೆಯುತ್ತದೆ. ಎರಡೂ ನಿಜವಾಗಿರಬಹುದು ಎಂದೇ ನನ್ನ ಅನಿಸಿಕೆ. ಮರಿಗಳು ಗೆರೆಯ ಬದಲು ದುಂಡನೆಯ ಬಿಳಿ ಬಿಲ್ಲೆ ನೇಯುತ್ತವೆ, ಹುಡುಕಿ ನೋಡಿ.

ಬೆಂಗಳೂರಿನಿಂದ

ತಾರಸಿ ತೋಟದವಳು ನಾನು. ಮೇಲಿನವರು ಹೇಳಿದ್ದಕ್ಕೆ ಒಂದೇ ತಕರಾರು: ಇವು ನಮಗೆ ಬೇಕಾದ ಜೇನುನೊಣವನ್ನೂ ಹಿಡಿಯುತ್ತವೆ, ಅದನ್ನೂ ಹೇಳಬೇಕು. ಕುಂಬಳ, ಸೋರೆ ಹೂವಿನ ಎದುರಿಗೇ ಬಲೆ ಇದ್ದರೆ ನಾನು ಜಾಗ ಬದಲಿಸುತ್ತೇನೆ. ಸಂಜೆ ಹೊತ್ತು ಅಗಲ ಬಾಯಿಯ ಡಬ್ಬಿಯನ್ನು ಕೆಳಗೆ ಹಿಡಿದು, ಕಡ್ಡಿಯಿಂದ ಮೇಲಿನಿಂದ ಮೃದುವಾಗಿ ಮುಟ್ಟಿದರೆ ತಾನಾಗಿ ಕೆಳಕ್ಕೆ ಬೀಳುತ್ತದೆ. ದೂರದ ಪೊದೆಯಲ್ಲಿ ಬಿಟ್ಟರೆ ಹೊಸ ಬಲೆ ಕಟ್ಟಿಕೊಳ್ಳುತ್ತದೆ. ಬರಿಗೈಯಲ್ಲಿ ಹಿಡಿಯುವುದು ಬೇಡ, ಅದರ ಹೊಟ್ಟೆ ಬಹಳ ಮೆದು. ಮಿಕ್ಕಂತೆ ಮಿಡತೆ, ನೊಣ, ಪತಂಗ ಎಲ್ಲವನ್ನೂ ಹಿಡಿಯುವ ಈ ಜೇಡ ಇದ್ದರೆ ಲಾಭವೇ ಹೆಚ್ಚು. ಕೀಟನಾಶಕ ಸಿಂಪಡಿಸಿದರೆ ಮೊದಲು ಹೋಗುವುದು ಇಂತಹ ಬೇಟೆಗಾರರೇ. ಬಲೆ ಚೆನ್ನಾಗಿ ಕಾಣಲಿ ಎಂದು ಹಿಟ್ಟು, ಪೌಡರ್ ಉದುರಿಸುವವರಿದ್ದಾರೆ. ಅಂಟು ಕೆಡುತ್ತದೆ, ಹಾಗೆ ಮಾಡಬೇಡಿ. ಬೆಳಗಿನ ಇಬ್ಬನಿ ಸಾಕು.

ಮಂಗಳೂರಿನಿಂದ

ಅತ್ತೆಯವರ ಭಯಕ್ಕೆ ಉತ್ತರ ಕೊಡದೆ ಜೇಡವನ್ನು ಉಳಿಸಲಾಗದು. ನಾನು ನರ್ಸ್. ಮಳೆಗಾಲದಲ್ಲಿ ಕುತ್ತಿಗೆ, ಕೆನ್ನೆಯ ಮೇಲೆ ಗೀರಿನಂತೆ ಉರಿಯುವ ಗುಳ್ಳೆ ಎದ್ದು ಬರುವವರು ಬಹಳ. ಎಲ್ಲರೂ ಜೇಡದ ಮೇಲೆ ಹಾಕುತ್ತಾರೆ. ಹೆಚ್ಚಿನ ಸಲ ಅದಕ್ಕೆ ಕಾರಣ ಪೀಡರಸ್ ಎಂಬ ಪುಟ್ಟ ದುಂಬಿ. ಕೆಂಪು ಕಪ್ಪು ಬಣ್ಣದ, ಇರುವೆಯಂತೆ ಉದ್ದಗಿನ ಹುಳು. ರಾತ್ರಿ ದೀಪಕ್ಕೆ ಬರುತ್ತದೆ. ಮೈಮೇಲೆ ಕುಳಿತದ್ದನ್ನು ಉಜ್ಜಿ ಒರೆಸಿದರೆ ಅದರ ದೇಹದ ರಸ ತಾಗಿ ಚರ್ಮ ಸುಡುತ್ತದೆ. ಉಜ್ಜದೆ ಊದಿ ಹಾರಿಸಬೇಕು, ತಾಗಿದರೆ ಕೂಡಲೇ ಸೋಪು ನೀರಿನಲ್ಲಿ ತೊಳೆಯಬೇಕು. ಸರ್ಪಸುತ್ತು ಬರುವುದೂ ವೈರಾಣುವಿನಿಂದ, ಜೇಡದಿಂದಲ್ಲ. ನಿಮ್ಮ ಪಟ್ಟೆ ಜೇಡ ಬಲೆ ಬಿಟ್ಟು ಮನುಷ್ಯರ ಮೇಲೆ ಬರುವುದಿಲ್ಲ. ಹಿಸುಕಿದರೆ ಕಚ್ಚಬಹುದು, ನೋವು ಜೇನು ಕುಟುಕಿದಷ್ಟು ಅಥವಾ ಅದಕ್ಕಿಂತ ಕಡಿಮೆ. ಇಷ್ಟನ್ನು ಅತ್ತೆಯವರಿಗೆ ಸಮಾಧಾನದಿಂದ ಹೇಳಿ.

ಶಿರಸಿಯಿಂದ

ನಮ್ಮ ಅಡಿಕೆ ತೋಟದ ದಾರಿಗೆ ಅಡ್ಡಲಾಗಿ ಹೊನ್ನಿನ ಬಣ್ಣದ ನೂಲಿನ ದೊಡ್ಡ ಬಲೆ ಇರುತ್ತದೆ. ಅದು ನೆಫಿಲಾ ಎಂಬ ಬೇರೆ ಜೇಡ, ಹೆಣ್ಣು ಅಂಗೈ ಅಗಲ ಕಾಲು ಚಾಚುತ್ತದೆ. ಅದನ್ನು ಕಂಡವರು ಇದರ ಬಗ್ಗೆಯೂ ಹೆದರುತ್ತಾರೆ. ಇನ್ನೊಂದು ಮಾತು: ಗೋಡೆಯ ಮೇಲೆ ಕಡಜ ಕಟ್ಟಿದ ಮಣ್ಣಿನ ಗೂಡು ಒಡೆದು ನೋಡಿದರೆ ಒಳಗೆ ಮರಗಟ್ಟಿಸಿ ತುಂಬಿಟ್ಟ ಜೇಡಗಳು ಸಿಗುತ್ತವೆ. ಕಡಜದ ಮರಿಗೆ ಅದೇ ಊಟ. ಬೇಟೆಗಾರನಿಗೂ ಬೇಟೆಗಾರ ಇದ್ದೇ ಇದ್ದಾನೆ.

ಮೈಸೂರಿನಿಂದ ಮತ್ತೆ

ಎಲ್ಲರಿಗೂ ಧನ್ಯವಾದ. ಗುಳ್ಳೆಯ ವಿಷಯ ಓದಿ ಹೇಳಿದ ಮೇಲೆ ಅತ್ತೆಯವರು ಒಪ್ಪಿದರು, ಆದರೆ ಮಗಳು ಮುಟ್ಟಬಾರದು ಎಂದಿದ್ದಾರೆ. ಇಂದು ಚಿಟ್ಟೆ ಸಿಕ್ಕಿಬಿದ್ದಾಗ ಜೇಡ ಸುತ್ತದೆ ನೇರವಾಗಿ ಕಚ್ಚಿತು. ನೀವು ಹೇಳಿದ್ದಕ್ಕೆ ಉಲ್ಟಾ ಆಯಿತಲ್ಲ ಎಂದು ಮಗಳ ಪ್ರಶ್ನೆ. ನಾವು ಹತ್ತಿರ ಹೋದರೆ ಬಲೆಯನ್ನು ಜೋರಾಗಿ ಅಲ್ಲಾಡಿಸುತ್ತದೆ, ಕೋಪವೇ?

ತುಮಕೂರಿನಿಂದ

ನಿಮ್ಮ ಮಗಳು ಸರಿಯಾಗಿ ನೋಡಿದ್ದಾಳೆ, ನನ್ನ ಪರವಾಗಿ ಶಹಬ್ಬಾಸ್ ಹೇಳಿ. ಚಿಟ್ಟೆ, ಪತಂಗಗಳ ರೆಕ್ಕೆಯ ಮೇಲೆ ಉದುರುವ ಪುಡಿಯಂತಹ ಹುರುಪೆಗಳಿವೆ. ಅಂಟಿಗೆ ಹುರುಪೆ ಕಚ್ಚಿಕೊಂಡು ಉಳಿಯುತ್ತದೆ, ಚಿಟ್ಟೆ ಜಾರಿ ಪಾರಾಗುತ್ತದೆ. ಸುತ್ತುತ್ತ ಕೂತರೆ ಬೇಟೆ ಕೈತಪ್ಪುವುದರಿಂದ ಅವುಗಳ ವಿಷಯದಲ್ಲಿ ಮೊದಲು ಕಚ್ಚಿ ಹಿಡಿದು ಆಮೇಲೆ ಸುತ್ತುತ್ತದೆ. ಬಲೆ ಅಲ್ಲಾಡಿಸುವುದು ರಕ್ಷಣೆಗೆ. ಹಾಗೆ ಅಲುಗಿದಾಗ ಅದರ ಆಕಾರ ಮಸುಕಾಗಿ ಹಕ್ಕಿಗೆ ಗುರಿ ಸಿಗುವುದಿಲ್ಲ. ಮತ್ತೂ ಕೆಣಕಿದರೆ ನೂಲು ಬಿಟ್ಟು ಕೆಳಗೆ ಬೀಳುತ್ತದೆ.

ಮಳೆಗಾಲ ಕಳೆದ ಮೇಲೆ ಒಂದು ದಿನ ಅದು ಕಾಣದಿದ್ದರೆ ಮಗಳು ಬೇಸರ ಮಾಡಿಕೊಳ್ಳದಂತೆ ಈಗಲೇ ತಿಳಿಸಿ. ಮೊಟ್ಟೆ ಇಟ್ಟ ಮೇಲೆ ಹೆಣ್ಣು ಬಹಳ ದಿನ ಬದುಕುವುದಿಲ್ಲ. ಹತ್ತಿರದ ಎಲೆ, ಕೊಂಬೆಗಳ ನಡುವೆ ರೇಷ್ಮೆಯ ಮೊಟ್ಟೆಚೀಲ ಇದೆಯೇ ನೋಡಿ. ಸಿಕ್ಕರೆ ದಾಸವಾಳ ಸವರುವಾಗ ಆ ಕೊಂಬೆಯನ್ನು ಬಿಟ್ಟು ಸವರಿ.